ನೋವಿಲ್ಲ ಅಂದ್ರೂ ಸ್ಕ್ಯಾನ್ ಯಾಕೆ?

ಪ್ರಶ್ನೆ: ನಮ್ಮ ಮಾವನವರಿಗೆ 71 ವರ್ಷ. ಹೊಟ್ಟೆಯ ದೊಡ್ಡ ರಕ್ತನಾಳ ಉಬ್ಬಿತ್ತು. ಹೋದ ವರ್ಷ ಮಂಗಳೂರಿನಲ್ಲಿ ತೊಡೆಸಂದಿನ ಮೂಲಕ ಸ್ಟೆಂಟ್ ಹಾಕಿದರು. ತಿಂಗಳ ನಂತರ ಮಾಡಿದ ಸಿಟಿ ಸ್ಕ್ಯಾನ್ ಚೆನ್ನಾಗಿತ್ತು. ಈಗ ಮತ್ತೆ ಕರೆದಿದ್ದಾರೆ. ‘ನೋವೇ ಇಲ್ಲ, ಸುಮ್ನೆ ಯಾಕೆ ಖರ್ಚು’ ಅನ್ನುತ್ತಾರೆ ಮಾವ. ಕಿಡ್ನಿ ಹೇಗಿದೆ ಎಂದು ನೋಡುವ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.7 ಇದೆ. ಸ್ಕ್ಯಾನಿನಲ್ಲಿ ನಾಳ ಎದ್ದು ಕಾಣಲು ಚುಚ್ಚುವ ಡೈ ಹಾಕಿದರೆ ಕಿಡ್ನಿಗೆ ತೊಂದರೆ ಆಗುತ್ತದಾ ಅಂತ ನನಗೆ ಹೆದರಿಕೆ.
– ಓದುಗರು, ಕಾಪು

ಉತ್ತರ: ಕರೆದುಕೊಂಡು ಹೋಗಲೇಬೇಕು ಅಮ್ಮ. ಉಬ್ಬಿದ ನಾಳವನ್ನು ಡಾಕ್ಟರು ಕತ್ತರಿಸಿ ತೆಗೆದಿಲ್ಲ. ಅದರೊಳಗೆ ಬಟ್ಟೆ ಹೊದಿಸಿದ ಲೋಹದ ಕೊಳವೆ ಕೂರಿಸಿದ್ದಾರೆ. ರಕ್ತವೆಲ್ಲ ಕೊಳವೆಯಲ್ಲೇ ಹರಿದರೆ ಹೊರಗಿನ ಚೀಲ, ಅಂದರೆ ನಾಳದ ಉಬ್ಬಿದ ಭಾಗ, ಮೆಲ್ಲಗೆ ಕುಗ್ಗುತ್ತದೆ. ಕೊಳವೆಯ ತುದಿಯಲ್ಲಿ ಸಂದು ಬಿಟ್ಟರೆ, ಇಲ್ಲವೇ ಬೆನ್ನಿನ ಕಡೆಯ ಸಣ್ಣ ನಾಳಗಳಿಂದ ರಕ್ತ ಹಿಂದಕ್ಕೆ ಬಂದರೆ ಚೀಲ ಮತ್ತೆ ತುಂಬುತ್ತದೆ. ಇದೇ ಎಂಡೋಲೀಕ್. ತುದಿಯ ಸೋರಿಕೆಯನ್ನು ಬೇಗ ಸರಿಪಡಿಸಬೇಕು. ಸಣ್ಣ ನಾಳಗಳದ್ದು ಎಷ್ಟೋ ಸಲ ತಾನಾಗಿಯೇ ನಿಲ್ಲುತ್ತದೆ. ಚೀಲ ಒಡೆಯುವ ತನಕ ನೋವು ಬಾರದೇ ಇರಬಹುದು. ಅದಕ್ಕೇ ಮಾವನವರ ಮಾತನ್ನು ನಂಬಿ ಕೂರಬೇಡಿ.

ಕಿಡ್ನಿಯ ಬಗ್ಗೆ ನೀವು ಹೆದರುವುದು ಸರಿಯೇ. ಆದರೆ ಸ್ಕ್ಯಾನ್ ಬಿಡಬೇಡಿ, ಡೈ ಬಿಡಬಹುದಾ ಎಂದು ಕೇಳಿ. ಡೈ ಇಲ್ಲದ ಸಿಟಿಯಲ್ಲೂ ಚೀಲದ ಅಳತೆ ಸಿಗುತ್ತದೆ, ಸ್ಟೆಂಟ್ ಜಾರಿದ್ದರೆ ಕಾಣುತ್ತದೆ. ಸೋರಿಕೆಯನ್ನು ರಕ್ತದ ಹರಿವು ತೋರಿಸುವ ಡಾಪ್ಲರ್ ಅಲ್ಟ್ರಾಸೌಂಡ್‌ನಲ್ಲಿ ಹುಡುಕಬಹುದು. ಕ್ರಿಯಾಟಿನಿನ್ ಜಾಸ್ತಿ ಇರುವವರಿಗೆ ಎರಡನ್ನೂ ಸೇರಿಸಿ ನೋಡುವುದು ಒಳ್ಳೆಯ ದಾರಿ. ಚೀಲ ಹಿಂದಿನ ಅಳತೆಗಿಂತ 5 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ದೊಡ್ಡದಾಗಿದ್ದರೆ ಆಗ ಡೈ ಬಗ್ಗೆ ಯೋಚಿಸಬೇಕಾಗುತ್ತದೆ.

ಡಾಪ್ಲರ್‌ಗೆ ಬೆಳಿಗ್ಗೆ ಗಂಜಿ ಕುಡಿಯದೆ, ಖಾಲಿ ಹೊಟ್ಟೆಯಲ್ಲಿ ಬರಲಿ. ಗ್ಯಾಸ್ ತುಂಬಿದ್ದರೆ ನಾಳ ಸರಿಯಾಗಿ ಕಾಣುವುದಿಲ್ಲ. ಬಿಪಿ ಮಾತ್ರೆ ಮಾತ್ರ ಒಂದು ಗುಟುಕು ನೀರಿನಲ್ಲಿ ಕೊಡಿ.

ಇನ್ನೊಂದು ಮಾತು. ಹಳೆಯ ಸ್ಕ್ಯಾನಿನ ಸಿಡಿ ಖಂಡಿತ ತನ್ನಿ. ನಾನು ರೇಡಿಯಾಲಜಿಸ್ಟ್. ಹಳೆಯ ಚಿತ್ರ ಪಕ್ಕದಲ್ಲಿಲ್ಲದೆ ಚೀಲ ಬೆಳೆದಿದೆಯೋ ಕುಗ್ಗಿದೆಯೋ ಹೇಗೆ ಹೇಳಲಿ? ಬರೀ ರಿಪೋರ್ಟಿನ ಹಾಳೆ ಹಿಡಿದು ಬರುವವರನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಫಿಲ್ಮ್ ಇದ್ದರೆ ಅದನ್ನೂ ತನ್ನಿ. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಜೋಪಾನ.

ಈ ಸಲ ಎಲ್ಲ ಸರಿಯಿದ್ದರೆ ಮುಂದೆ ಸಾಮಾನ್ಯವಾಗಿ ವರ್ಷಕ್ಕೊಂದು ಡಾಪ್ಲರ್, 5 ವರ್ಷಕ್ಕೊಂದು ಸಿಟಿ ಸಾಕು. ಖರ್ಚು ಅಷ್ಟೇ ಎಂದು ಮಾವನವರಿಗೆ ಹೇಳಿ. ನಡುವೆ ಹೊಟ್ಟೆ ಅಥವಾ ಬೆನ್ನಿನಲ್ಲಿ ಏಕಾಏಕಿ ಜೋರು ನೋವು ಬಂದರೆ, ಕಣ್ಣು ಕತ್ತಲೆ ಬಂದರೆ ಸ್ಕ್ಯಾನಿನ ದಿನಕ್ಕೆ ಕಾಯಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ, ಸ್ಟೆಂಟ್ ಹಾಕಿದ ವಿಷಯವನ್ನು ಮೊದಲೇ ತಿಳಿಸಿ.