ಸಿಸ್ಟ್ ಮೊಳೆಯುತ್ತಿಲ್ಲವೇ? ಮೊದಲು ಕೆಸರಿನ ಕಥೆ ಹೇಳಿ

ಪ್ರಶ್ನೆ: ಸಮುದ್ರತಳದ ಕೆಸರಿನಿಂದ ಅಲೆಕ್ಸಾಂಡ್ರಿಯಂ ಎಂಬ ವಿಷಕಾರಿ ಸೂಕ್ಷ್ಮ ಪಾಚಿಯ ಸಿಸ್ಟ್‌ಗಳನ್ನು (ಬೀಜದಂತೆ ನಿದ್ದೆಯಲ್ಲಿರುವ ಗಟ್ಟಿ ಗೋಡೆಯ ಕೋಶಗಳನ್ನು) ಬೇರ್ಪಡಿಸಿ, ಬೆಳಕಿನಲ್ಲಿ 20 ಡಿಗ್ರಿಗೆ ಇಟ್ಟಿದ್ದೇನೆ. ಮೂರು ವಾರವಾದರೂ ಒಂದೂ ಮೊಳೆತಿಲ್ಲ. ಸತ್ತಿವೆಯೇ? ಬಿಸಿ ಇನ್ನಷ್ಟು ಏರಿಸಲೇ?

ಉತ್ತರ: ಏರಿಸಬೇಡಿ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಎಲ್ಲರೂ ತಾಪಮಾನ ಬರೆಯುತ್ತಾರೆ. ಕೆಸರು ಯಾವ ತಿಂಗಳಿನದು, ಎಷ್ಟು ಆಳದ್ದು, ಹೇಗೆ ಇಟ್ಟಿದ್ದಿರಿ ಅಂತ ಒಬ್ಬರೂ ಬರೆಯುವುದಿಲ್ಲ. ನನಗೆ ಬೇಕಾದದ್ದು ಅದೇ ಅಲ್ವಾ?

ಹೊಸ ಸಿಸ್ಟ್‌ಗೆ ಕಡ್ಡಾಯ ನಿದ್ದೆ ಇರುತ್ತದೆ. ಅದು ಮುಗಿಯುವ ತನಕ ನೀವು ಏನು ಕೊಟ್ಟರೂ ಏಳುವುದಿಲ್ಲ. ಜಿಮ್ನೋಡಿನಿಯಂ ಕೆಟನೇಟಂ ಎಂಬ ಇನ್ನೊಂದು ಪಾಚಿಗೆ ಸುಮಾರು ಎರಡು ವಾರ ಸಾಕು. ಅಲೆಕ್ಸಾಂಡ್ರಿಯಂಗೆ ತಣ್ಣೀರಿನಲ್ಲಿ ತಿಂಗಳುಗಳೇ ಬೇಕು. ಕೆಲವು ಕಡೆಯ ಸಿಸ್ಟ್‌ಗಳು ಮೊದಲು ಚಳಿ ಉಂಡ ಮೇಲೆಯೇ ಬಿಸಿಗೆ ಓಗೊಡುತ್ತವೆ. ಇನ್ನೂ ಒಂದಿದೆ. ಅಮೆರಿಕದ ಮೇನ್ ಕೊಲ್ಲಿಯ ಆಳದ ಸಿಸ್ಟ್‌ಗಳಿಗೆ ಒಳಗಡಿಯಾರ ಇದೆ ಅಂತ 1987ರಲ್ಲೇ ತೋರಿಸಿದ್ದಾರೆ. ಒಂದೇ ತಾಪದಲ್ಲಿ, ಕತ್ತಲಲ್ಲಿ ಇಟ್ಟರೂ ಅವು ವರ್ಷದ ಲೆಕ್ಕದಲ್ಲೇ ಏಳುತ್ತವೆ, ಮಲಗುತ್ತವೆ. ಅಂಥ ಸಿಸ್ಟ್ ಮಲಗಿರುವ ತಿಂಗಳಲ್ಲಿ ನೀವು ಬಿಸಿ ಕೊಟ್ಟರೆ ಏನೂ ಆಗದು.

ನಿದ್ದೆ ಮುಗಿದಿದೆ ಅಂತಿಟ್ಟುಕೊಳ್ಳಿ. ಮುಂದಿನ ಬಾಗಿಲು ಆಮ್ಲಜನಕ. ಕೊಳೆತ ಮೊಟ್ಟೆಯ ವಾಸನೆಯ ಕಪ್ಪು ಕೆಸರಿನೊಳಗೆ ಸಿಸ್ಟ್ ವರ್ಷಗಟ್ಟಲೆ ಜೀವ ಹಿಡಿದು ಕೂತಿರುತ್ತದೆ, ಆದರೆ ಮೊಳೆಯದು. ಬಿರುಗಾಳಿಯೋ ಬಲೆಯೋ ಕೆಸರು ಕದಡಿದಾಗ ಅದಕ್ಕೆ ಅವಕಾಶ ಸಿಗುತ್ತದೆ. ಹಾಗಾಗಿ ಮೇಲಿನ ತೆಳು ಪದರಕ್ಕೂ ಕೆಳಗಿನದಕ್ಕೂ ಬೇರೆ ಬೇರೆ ಲೇಬಲ್ ಹಚ್ಚಿ. ಬೆಳಕು ಇದ್ದರೆ ಬೇಗ, ಇಲ್ಲದಿದ್ದರೆ ನಿಧಾನ. ತಾಪಮಾನದ ಸರದಿ ಇದಾದ ಮೇಲೆ. ಎದ್ದ ಸಿಸ್ಟ್ ಎಷ್ಟು ಬೇಗ ಒಡೆಯಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. ಕೊರೆಯುವ ನೀರಿನಲ್ಲಿ ವಾರಗಟ್ಟಲೆ, 15 ಡಿಗ್ರಿ ಹೊತ್ತಿಗೆ ಕೆಲವೇ ದಿನ. ಮಿತಿ ದಾಟಿದರೆ ಮತ್ತೆ ಇಳಿಮುಖ. ಅದೇ ಕೆಸರನ್ನು ಪಾಲು ಮಾಡಿ 10 ಮತ್ತು 15 ಡಿಗ್ರಿಯಲ್ಲಿ ಇಡಿ, ತಿಂಗಳಿಗೊಮ್ಮೆ ಹೊಸ ಪಾಲು ತೆಗೆದು ನೋಡಿ.

ಸತ್ತಿವೆಯೇ ಅಂತ ಕೇಳಿದಿರಿ. ಮೈಕ್ರೋಸ್ಕೋಪಿನಲ್ಲಿ ನೋಡಿ. ಜೀವ ಇರುವ ಸಿಸ್ಟ್ ಮಾತ್ರೆ ಕ್ಯಾಪ್ಸೂಲಿನ ಆಕಾರದಲ್ಲಿ, ಒಳಗೆಲ್ಲ ಪಿಷ್ಟದ ಕಣ ತುಂಬಿ, ನಡುವೆ ಕೆಂಪು ಹನಿಯೊಂದನ್ನು ಹೊತ್ತಿರುತ್ತದೆ. ಒಳಗಿನದು ಕುಗ್ಗಿ ಕಂದಾಗಿದ್ದರೆ ಆಸೆ ಬಿಡಿ. ಪ್ರಿಮ್ಯುಲಿನ್ ಎಂಬ ಹೊಳೆಯುವ ಬಣ್ಣ ಹಾಕಿದಾಗ ಹಸಿರು ಹೊಳೆಯಿತು, ಅಂದರೆ ಬದುಕಿದೆ ಎನ್ನುವವರ ಮಾತು ಕೇಳಲೇಬೇಡಿ. ಫಾರ್ಮಾಲಿನ್‌ನಲ್ಲಿ ಕೊಂದ ಮಾದರಿಗೂ ಅದೇ ಬಣ್ಣ ಹಿಡಿಯುತ್ತದೆ.

ಪ್ರಶ್ನೆ: ಗೊಬ್ಬರ ಸೇರಿಸಿದರೆ ಬೇಗ ಮೊಳೆಯುತ್ತದೆಯೇ?

ಉತ್ತರ: ಸಿಸ್ಟ್ ತನ್ನ ಬುತ್ತಿ ಕಟ್ಟಿಕೊಂಡೇ ಇರುತ್ತದೆ. ಗೊಬ್ಬರ ಬೇಕಾಗುವುದು ಹೊರಬಂದ ಕೋಶ ಬೆಳೆಯಲು.

ಪ್ರಶ್ನೆ: ತಾಮ್ರದ ಸಲ್ಫೇಟ್ ಹಾಕಿ ತಳದ ಸಿಸ್ಟ್ ಕೊಲ್ಲಬಹುದು ಅಂತ ಒಬ್ಬರು ಮಾರಲು ಬಂದಿದ್ದಾರೆ.

ಉತ್ತರ: ವಾಪಸ್ ಕಳಿಸಿ. ಸಿಸ್ಟ್‌ನ ಗಟ್ಟಿ ಗೋಡೆ ತಡೆಯುತ್ತದೆ, ಸಾಯುವುದು ಅಕ್ಕಪಕ್ಕದ ಜೀವಿಗಳು.

ಪ್ರಶ್ನೆ: ಚಿಪ್ಪುಮೀನು ಬೇಯಿಸುವಾಗ ಬೆಳ್ಳಿ ನಾಣ್ಯ ಹಾಕಿ, ಕಪ್ಪಾಗದಿದ್ದರೆ ತಿನ್ನಬಹುದಂತೆ?

ಉತ್ತರ: ಸುಳ್ಳು, ಅಪಾಯದ ಸುಳ್ಳು. ಈ ಪಾಚಿಯನ್ನು ತಿಂದ ಚಿಪ್ಪುಮೀನಿನಲ್ಲಿ ಸೇರುವ ವಿಷ ಸ್ಯಾಕ್ಸಿಟಾಕ್ಸಿನ್. ಅದು ಬೆಳ್ಳಿಗೂ ಗೊತ್ತಾಗದು, ಬೇಯಿಸಿದರೂ ಹೋಗದು. ತಿಂದ ಮೇಲೆ ತುಟಿ, ನಾಲಿಗೆ ಜೋಮು ಹಿಡಿದರೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.