ಇಂಗ್ಲಿಷ್ ಹಳ್ಳಿಯ ಕೊಲೆ ಕತೆಗಳು ಮನಸ್ಸಿಗೆ ಯಾಕೆ ಹಿತ ಕೊಡುತ್ತವೆ?

ಒಂದೊಂದು ಕತೆಯಲ್ಲೂ ಎರಡು ಮೂರು ಹೆಣ ಬೀಳುತ್ತವೆ, ಅದನ್ನು ನೋಡಿ ನೆಮ್ಮದಿಯಾಗಿ ಮಲಗೋದು ಹೇಗೆ ಅಂತ ನೀವು ಕೇಳಬಹುದು. ನಾನು ಹಾಗೆ ಮಲಗುವವಳೇ. ಹತ್ತು ವರ್ಷದಿಂದ ರಾತ್ರಿ ಊಟ ಆದ ಮೇಲೆ ಇವೇ ನನ್ನ ಜೊತೆ. ನನಗೆ ಹಿಡಿಸುವುದು ಒಂದೇ ವಿಷಯ: ಈ ಊರುಗಳಲ್ಲಿ ಯಾರು ಸತ್ತರೂ, ಅವರನ್ನು ಸರಿಯಾಗಿ ಗಮನಿಸಿದ್ದ ಒಬ್ಬರಾದರೂ ಇದ್ದೇ ಇರುತ್ತಾರೆ.

ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಅಜ್ಜಿ ಮಿಸ್ ಮಾರ್ಪಲ್ ಬರುವ ಮೊದಲ ಕಾದಂಬರಿ 1930ರದ್ದು. ಸೇಂಟ್ ಮೇರಿ ಮೀಡ್ ಅನ್ನುವ ಹಳ್ಳಿಯಲ್ಲಿ, ಪಾದ್ರಿಯ ಮನೆಯ ಓದುವ ಕೋಣೆಯಲ್ಲಿ, ಒಬ್ಬ ಕರ್ನಲ್ ಗುಂಡೇಟು ತಿಂದು ಸತ್ತಿರುತ್ತಾನೆ. ಮೇಜಿನ ಮೇಲಿದ್ದ ಗಡಿಯಾರ ಉರುಳಿ 6:22ಕ್ಕೆ ನಿಂತಿದೆ. ಕೊಲೆಯ ಹೊತ್ತು ಸಿಕ್ಕಿಬಿಟ್ಟಿತು ಅಂತ ಇನ್ಸ್‌ಪೆಕ್ಟರ್‌ಗೆ ಖುಷಿ. ಆದರೆ ತಡ ಆಗಬಾರದು ಅಂತ ಪಾದ್ರಿ ಆ ಗಡಿಯಾರವನ್ನು ಯಾವಾಗಲೂ ಕಾಲು ಗಂಟೆ ಮುಂದೆ ಇಟ್ಟಿರುತ್ತಾರೆ. ಅದನ್ನು ಹೇಳಲು ಹೋದರೆ ಇನ್ಸ್‌ಪೆಕ್ಟರ್ ಬಾಯಿ ತೆಗೆಯಲೇ ಬಿಡುವುದಿಲ್ಲ! ನಮ್ಮ ಅಡುಗೆಮನೆ ಗಡಿಯಾರವೂ ಹತ್ತು ನಿಮಿಷ ಮುಂದಿದೆ, ಬಸ್ಸು ತಪ್ಪದಿರಲಿ ಅಂತ ಅಮ್ಮ ಇಟ್ಟಿದ್ದು. ಮನೆಯವರು ನೋಡುವಾಗಲೇ ಮನಸ್ಸಿನಲ್ಲಿ ಹತ್ತು ನಿಮಿಷ ಕಳೆದು ಓದುತ್ತಾರೆ, ಹೊರಗಿನಿಂದ ಬಂದವರು ಗಾಬರಿಯಾಗುತ್ತಾರೆ. ಆ ಪುಟ ಓದಿದಾಗ ನಾನು ಪುಸ್ತಕ ಮುಚ್ಚಿ ಅಮ್ಮನಿಗೆ ಹೇಳಿದ್ದೆ.

ಮಾರ್ಪಲ್ ಅಜ್ಜಿ ಪಾದ್ರಿಯ ಪಕ್ಕದ ಮನೆಯವಳು. ತೋಟದಲ್ಲಿ ಕೆಲಸ ಮಾಡುತ್ತಾ, ಹಕ್ಕಿ ನೋಡುವ ನೆಪದಲ್ಲಿ ದುರ್ಬೀನು ಹಿಡಿದು, ಯಾರು ಬಂದರು, ಯಾರು ಹೋದರು, ಕೈಯಲ್ಲಿ ಏನಿತ್ತು, ಏನಿರಲಿಲ್ಲ ಎಲ್ಲವನ್ನೂ ನೋಡಿಟ್ಟುಕೊಂಡಿರುತ್ತಾಳೆ. ಹೊಸಬರನ್ನು ಕಂಡರೆ ಇವನು ನಮ್ಮೂರಿನ ಇಂಥವನ ಥರ ಅಂತ ಹೋಲಿಸಿ ಅಳೆಯುತ್ತಾಳೆ. ವಯಸ್ಸಾದ ಹೆಂಗಸರ ಇಂಥ ಕುತೂಹಲಕ್ಕೆ ಎಲ್ಲ ಕಡೆ ಬೈಗುಳವೇ, ಅಲ್ವಾ? ಇಲ್ಲಿ ಅದೇ ತಿಳಿವಳಿಕೆ, ಪೊಲೀಸರಿಗಿಂತ ದೊಡ್ಡ ತಿಳಿವಳಿಕೆ. ಇದು ನನಗೆ ತುಂಬಾ ಇಷ್ಟ.

ಮಿಡ್‌ಸಮರ್ ಮರ್ಡರ್ಸ್ ಸೀರಿಯಲ್ ಗೊತ್ತಿರಬಹುದು, 1997ರಲ್ಲಿ ಶುರುವಾಯಿತು. ಅದಕ್ಕೆ ಮೂಲ ಕ್ಯಾರೊಲಿನ್ ಗ್ರಹಾಂ ಬರೆದ 1987ರ ಕಾದಂಬರಿ. ಇಬ್ಬರು ಮುದಿ ಗೆಳತಿಯರು. ಕಾಡಿನಲ್ಲಿ ಅಪರೂಪದ ಒಂದು ಆರ್ಕಿಡ್ ಹೂವನ್ನು ಯಾರು ಮೊದಲು ಹುಡುಕುತ್ತಾರೆ ಅಂತ ಇಬ್ಬರಿಗೂ ಪೈಪೋಟಿ. ಒಬ್ಬಳು ಹೂವು ಹುಡುಕುತ್ತಾ ಹೋಗಿ ನೋಡಬಾರದ್ದನ್ನು ನೋಡುತ್ತಾಳೆ, ಆಮೇಲೆ ಸಾಯುತ್ತಾಳೆ. ವಯಸ್ಸಾಗಿತ್ತು, ಹೋದಳು ಅಂತ ಡಾಕ್ಟರೂ ಸುಮ್ಮನಾಗುತ್ತಾನೆ. ಇನ್ನೊಬ್ಬಳು ಒಪ್ಪುವುದಿಲ್ಲ. ನೆಟ್ಟಗೆ ಇನ್ಸ್‌ಪೆಕ್ಟರ್ ಬಾರ್ನಬಿ ಹತ್ತಿರ ಹೋಗಿ ಕೂರುತ್ತಾಳೆ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಮ್ಮದೇ ಮಹಡಿಯ ಒಬ್ಬ ಹಿರಿಯರು ತೀರಿಕೊಂಡದ್ದು ನನಗೆ ಗೊತ್ತಾದದ್ದು ನಾಲ್ಕು ದಿನ ಆದ ಮೇಲೆ, ಲಿಫ್ಟಿನಲ್ಲಿ. ದಿನಾ ಬೆಳಿಗ್ಗೆ ಬಾಗಿಲಲ್ಲಿ ಪೇಪರ್ ಎತ್ತಿಕೊಳ್ಳುವಾಗ ನಕ್ಕು ಮಾತಾಡಿಸುತ್ತಿದ್ದರು. ನಾಲ್ಕು ದಿನದ ಪೇಪರ್ ಅಲ್ಲೇ ಬಿದ್ದಿತ್ತು, ನಾನು ದಾಟಿಕೊಂಡೇ ಓಡಾಡಿದ್ದೆ. ಅವತ್ತಿನಿಂದ ಆ ಗೆಳತಿಯ ಹಟ ನನಗೆ ಬೇರೆ ಥರ ಕಾಣುತ್ತದೆ.

ಉಳಿದದ್ದೂ ಇದೆ, ಇಲ್ಲ ಅನ್ನಲ್ಲ. ರಕ್ತ ಜಾಸ್ತಿ ತೋರಿಸುವುದಿಲ್ಲ. ಕಾರಣಗಳೂ ನಮಗೆ ಗೊತ್ತಿರುವವೇ, ಜಮೀನು, ಉಯಿಲು, ಹಳೆಯ ಗುಟ್ಟು. ಬಾರ್ನಬಿ ಸಂಜೆ ಮನೆಗೆ ಹೋಗಿ ಹೆಂಡತಿಯ ಕೆಟ್ಟ ಅಡುಗೆಯನ್ನು ಮಾತಾಡದೆ ತಿನ್ನುತ್ತಾನೆ. ಅವನ ಊರು ಕಾಸ್ಟನ್ ಕಲ್ಪನೆಯದು, ಆದರೆ ಚಿತ್ರೀಕರಣ ನಡೆದದ್ದು ಹೆಚ್ಚಾಗಿ ಇಂಗ್ಲೆಂಡಿನ ವಾಲಿಂಗ್‌ಫರ್ಡ್ ಅನ್ನುವ ಪಟ್ಟಣದಲ್ಲಿ. ಅಗಾಥಾ ಕ್ರಿಸ್ಟಿ 1976ರಲ್ಲಿ ಕೊನೆಯುಸಿರೆಳೆದ ಮನೆ ಅಲ್ಲೇ ಪಕ್ಕದಲ್ಲಿದೆ.

ಶುರು ಮಾಡುವುದಾದರೆ ಬಿಬಿಸಿಯ ಹಳೆಯ ಮಿಸ್ ಮಾರ್ಪಲ್ ಸೀರಿಯಲ್ ನೋಡಿ, 1984ರಿಂದ 1992ರವರೆಗೆ ಬಂದದ್ದು, ಮಾರ್ಪಲ್ ಬರುವ ಹನ್ನೆರಡು ಕಾದಂಬರಿಗಳೂ ಅದರಲ್ಲಿವೆ. ಜೋನ್ ಹಿಕ್ಸನ್ ಆ ಪಾತ್ರ ಮಾಡಲು ಶುರು ಮಾಡಿದಾಗ ಅವರಿಗೆ ಸುಮಾರು ಎಪ್ಪತ್ತೆಂಟು ವರ್ಷ. ಎಲ್ಲರೂ ಜೋರಾಗಿ ಮಾತಾಡುತ್ತಿರುವಾಗ ಅವರು ಸುಮ್ನೆ ಕೂತು ಕೇಳಿಸಿಕೊಳ್ಳುವುದನ್ನು ನೋಡಿ.