ಡಾಕ್ಟರ್ ಚೀಟಿ ಇಲ್ಲದೆ 16 ಔಷಧಿ ಮಾರಲು ಬಿಟ್ಟರೆ ಜನರಿಗೆ ಒಳ್ಳೆಯದೇ ಅಲ್ವಾ?

16 ಔಷಧಿಗಳನ್ನು ಚೀಟಿ ಇಲ್ಲದೆ ಮಾರಬಹುದು ಅಂತ 2022ರ ಮೇ ತಿಂಗಳಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ಕರಡು ನಿಯಮದ ಬಗ್ಗೆ ಕೇಳಿದ್ದೀರಿ, ಡಾಕ್ಟರ್ ಫೀಸೂ ಉಳಿಯುತ್ತದೆ ಅಂದಿದ್ದೀರಿ. ಆದರೆ ನನ್ನ ಕಣ್ಣು ನಿಂತದ್ದು ನೀವು ಕೊನೆಯಲ್ಲಿ ಸೇರಿಸಿದ ಸಾಲಿನ ಮೇಲೆ: ‘ನಾನೇ ಎಷ್ಟೋ ವಾರದಿಂದ ಚೀಟಿ ಇಲ್ಲದೆ ಮೂಗಿನ ಡ್ರಾಪ್ಸ್ ತಗೋತಿದ್ದೀನಿ, ಏನೂ ಆಗಿಲ್ಲ.’ ನಾನೂ ಇದೇ ಮಾತು ಹೇಳಿಕೊಂಡು ತಿರುಗಿದವನು.

ದಾವಣಗೆರೆಯಲ್ಲಿ ಮನೆ ಕಟ್ಟಿಸುವಾಗ ಸಿಮೆಂಟ್ ಧೂಳಿನ ನಡುವೆ ನೆಗಡಿ ಹಿಡಿಯಿತು. ರಾತ್ರಿ ಮೂಗು ಕಟ್ಟಿ ನಿದ್ದೆ ಇಲ್ಲ. ಮೆಡಿಕಲ್ ಶಾಪಿನವರು ಕ್ಸೈಲೋಮೆಟಾಜೋಲಿನ್ ಡ್ರಾಪ್ಸ್ ಕೊಟ್ಟರು. ಎರಡೆರಡು ಹನಿ ಬಿಟ್ಟರೆ ಸಾಕು, ಮೂಗು ಸಲೀಸು. ನೆಗಡಿ ಹೋಯಿತು, ಮೂಗು ಕಟ್ಟುವುದು ಮಾತ್ರ ಹೋಗಲಿಲ್ಲ. ದಿಂಬಿನ ಪಕ್ಕ ಒಂದು ಬಾಟ್ಲಿ, ಸ್ಕೂಟರ್ ಡಿಕ್ಕಿಯಲ್ಲಿ ಒಂದು, ಆಫೀಸಿನ ಡ್ರಾಯರಿನಲ್ಲಿ ಒಂದು. ಬಸ್ ಹತ್ತಿದ ಮೇಲೆ ಜೇಬು ತಡಕಿ ಬಾಟ್ಲಿ ಸಿಗದಿದ್ದರೆ ಎದೆ ಧಸಕ್ ಅನ್ನುತ್ತಿತ್ತು.

ಕೊನೆಗೆ ಇಎನ್‌ಟಿ ಡಾಕ್ಟರ್ ಹತ್ತಿರ ಹೋದೆ. ‘ಬೇರೆ ಏನಾದ್ರೂ ಔಷಧಿ ತಗೋತಿದ್ದೀರಾ?’ ಅಂತ ಕೇಳಿದರು. ‘ಇಲ್ಲ ಸರ್’ ಅಂದೆ. ನನಗೆ ದುಬಾರಿಯಾದದ್ದು ಈ ಉತ್ತರ. ಬೇಕಂತ ಮುಚ್ಚಿಟ್ಟದ್ದಲ್ಲ. ಬಾಟ್ಲಿ ಆಗಲೂ ಜೇಬಿನಲ್ಲೇ ಇತ್ತು. ಆದರೆ ಔಷಧಿ ಅಂದರೆ ನನ್ನ ಲೆಕ್ಕದಲ್ಲಿ ಡಾಕ್ಟರ್ ಬರೆದುಕೊಟ್ಟದ್ದು. ಅಪ್ಪನ ಬಿಪಿ ಮಾತ್ರೆ ಔಷಧಿ, ಅಮ್ಮನ ಥೈರಾಯ್ಡ್ ಮಾತ್ರೆ ಔಷಧಿ. ನನ್ನ ಬಾಟ್ಲಿ ವಿಕ್ಸ್, ಅಮೃತಾಂಜನದ ಸಾಲಿಗೆ ಸೇರಿದ್ದು. ವಿಕ್ಸ್ ಹಚ್ಚಿಕೊಂಡೆ ಅಂತ ಡಾಕ್ಟರ್ ಮುಂದೆ ಯಾರಾದರೂ ಹೇಳ್ತಾರಾ? ಬಾಯಲ್ಲಿ ನುಂಗುವುದಲ್ಲ, ಚುಚ್ಚುವುದಲ್ಲ, ಅಂಗಡಿಯವರು ಒಂದು ಮಾತೂ ಕೇಳದೆ ಕೊಡುವ ವಸ್ತು. ಅದು ನೆನಪಿಗೇ ಬರಲಿಲ್ಲ.

ನಾನು ಇಲ್ಲ ಅಂದಿದ್ದಕ್ಕೆ ಅವರು ಬೇರೆ ಕಾರಣ ಹುಡುಕಿದರು. ಅಲರ್ಜಿ ಮಾತ್ರೆ ಆಯಿತು. ಸ್ಕ್ಯಾನಿಂಗ್ ಆಯಿತು. ಮೂಗಿನ ನಡುವಿನ ಮೂಳೆ ಸ್ವಲ್ಪ ಸೊಟ್ಟ ಅಂತ ಬಂತು. ಎಷ್ಟೋ ಜನರಿಗೆ ಹಾಗೇ ಇರುತ್ತದಂತೆ, ಅದು ನನಗೆ ಆಮೇಲೆ ಗೊತ್ತಾಯಿತು. ಆಪರೇಷನ್‌ಗೆ ದಿನ ಗೊತ್ತಾಯಿತು, ರಜೆ ಹಾಕಿದೆ, ಮನೆ ಕೆಲಸಕ್ಕೆ ಇಟ್ಟಿದ್ದ ದುಡ್ಡು ಮುರಿದೆ. ಅರಿವಳಿಕೆ ಡಾಕ್ಟರ್ ತಪಾಸಣೆಗೆ ಕರೆಯುವವರೆಗೆ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಅಭ್ಯಾಸಬಲ, ತಲೆ ಹಿಂದಕ್ಕೆ ಹಾಕಿ ಎರಡು ಹನಿ ಬಿಟ್ಟುಕೊಂಡೆ. ಅವರು ಬಾಗಿಲಲ್ಲೇ ನಿಂತು ನೋಡಿದರು. ‘ಅದೇನದು? ಎಷ್ಟು ದಿನದಿಂದ?’ ಅಂದರು. ನಾನು ತಿಂಗಳುಗಳ ಲೆಕ್ಕ ಹೇಳಿದೆ. ಆಪರೇಷನ್ ಅಲ್ಲಿಗೇ ನಿಂತಿತು.

ಆಗಿದ್ದು ಇಷ್ಟು. ಈ ಹನಿ ಮೂಗಿನೊಳಗಿನ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಅದಕ್ಕೇ ದಾರಿ ತೆರೆಯುತ್ತದೆ. ದಿನಗಟ್ಟಲೆ ಬಿಟ್ಟುಕೊಂಡರೆ, ಹನಿಯ ಪ್ರಭಾವ ಇಳಿದಾಗ ಅವೇ ನಾಳಗಳು ಮೊದಲಿಗಿಂತ ಜಾಸ್ತಿ ಊದಿಕೊಳ್ಳುತ್ತವೆ. ಮತ್ತೆ ಹನಿ, ಮತ್ತೆ ಊತ. ಮೂಗು ಕಟ್ಟಿಸುತ್ತಿದ್ದದ್ದು ಡ್ರಾಪ್ಸೇ. ಮೊದಲು ಒಂದು ಹೊಳ್ಳೆಗೆ ನಿಲ್ಲಿಸಿ, ಆಮೇಲೆ ಇನ್ನೊಂದಕ್ಕೆ ನಿಲ್ಲಿಸಿ, ಜೊತೆಗೆ ಉಪ್ಪುನೀರಿನ ಸ್ಪ್ರೇ ಮತ್ತು ಡಾಕ್ಟರ್ ಬರೆದ ಸ್ಟೀರಾಯ್ಡ್ ಸ್ಪ್ರೇ ಹಾಕಿ ಬಿಡಿಸಿದರು. ಆ ದಿನಗಳಲ್ಲಿ ಗೋಡೆಗೆ ಒರಗಿ ಕೂತೇ ನಿದ್ದೆ.

ಈಗ ನೀವು ಕೇಳಿದ ಕರಡು ನಿಯಮಕ್ಕೆ ಬರೋಣ. ಚೀಟಿ ಬೇಕೋ ಬೇಡವೋ ಅನ್ನುವ ಜಗಳವೇ ನನಗೆ ಹಿಡಿಸಲ್ಲ. ಆ 16ರ ಪಟ್ಟಿಯಲ್ಲಿರುವ ಪ್ಯಾರಾಸಿಟಮಾಲ್ ಶೆಡ್ಯೂಲ್ ಎಚ್‌ನಲ್ಲಿ, ಅಂದರೆ ಚೀಟಿ ಇದ್ದರೆ ಮಾತ್ರ ಮಾರಬೇಕಾದ ಔಷಧಿಗಳ ಸರ್ಕಾರಿ ಪಟ್ಟಿಯಲ್ಲಿ, ಇಲ್ಲವೇ ಇಲ್ಲ, ಅದಕ್ಕೆ ಇವತ್ತೂ ಯಾರೂ ಚೀಟಿ ಕೇಳಲ್ಲ. ಕ್ಯಾಲಮೈನ್ ಲೋಷನ್‌ಗೆ ಚೀಟಿ ಬರೆಸಲು ಯಾರು ಕ್ಯೂ ನಿಲ್ತಾರೆ? ಹಾಗಾಗಿ ಡಾಕ್ಟರ್ ಫೀಸು ಉಳಿಯುತ್ತದೆ ಅನ್ನುವ ನಿಮ್ಮ ಮಾತು ಅಷ್ಟೇನೂ ನಿಲ್ಲಲ್ಲ.

ಆ ಕರಡಿನಲ್ಲಿ ಕೆಲಸಕ್ಕೆ ಬರುವ ಮಾತು ಬೇರೆ ಇದೆ. ಒಂದು ಪ್ಯಾಕಿನಲ್ಲಿ ಐದು ದಿನಕ್ಕಿಂತ ಜಾಸ್ತಿ ಔಷಧಿ ಇರಬಾರದು, ಅಷ್ಟರಲ್ಲಿ ಗುಣವಾಗದಿದ್ದರೆ ಡಾಕ್ಟರನ್ನು ಕಾಣಬೇಕು. ಮೂಗಿನ ಡ್ರಾಪ್ಸೂ ಆ 16ರಲ್ಲಿ ಇದೆ. ನೀವೇ ಲೆಕ್ಕ ಹಾಕಿ. 10 ಎಂಎಲ್ ಬಾಟ್ಲಿಯಲ್ಲಿ ಹೆಚ್ಚುಕಡಿಮೆ 200 ಹನಿ. ಹೊಳ್ಳೆಗೆ ಎರಡರಂತೆ ದಿನಕ್ಕೆ ಮೂರು ಸಲ ಅಂದರೆ 12 ಹನಿ, ಐದು ದಿನಕ್ಕೆ 60. ಮಿಕ್ಕ ಹನಿಗಳನ್ನು ನಮ್ಮ ಜನ ಎಸೀತಾರಾ? ನಾನಂತೂ ಎಸೆದವನಲ್ಲ. ಬಾಟ್ಲಿ ಸಣ್ಣದಾಗಲಿ, ಐದು ದಿನ ಅನ್ನುವುದು ಮೇಲೇ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಇರಲಿ. ಮಾತ್ರೆ ಶೀಟನ್ನು ಕತ್ತರಿಸಿ ಎರಡೆರಡು ಕೊಡುವುದೂ ನಿಲ್ಲಲಿ, ಆ ತುಂಡಿನಲ್ಲಿ ಕೆಲವೊಮ್ಮೆ ಮಾತ್ರೆಯ ಹೆಸರೂ ಪೂರ್ತಿ ಇರಲ್ಲ. ಇಷ್ಟು ಮಾಡಿದರೆ ಚೀಟಿ ಬೇಡ ಅನ್ನಲಿ, ನನ್ನ ತಕರಾರಿಲ್ಲ.

ಆಂಟಿಬಯಾಟಿಕ್ ಮಾತು ಬೇರೆ. ಅವು ಈ ಪಟ್ಟಿಯಲ್ಲಿಲ್ಲ, ಬರಲೂಬಾರದು. ಅವುಗಳಲ್ಲಿ ಹಲವು 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ಅನ್ನುವ ಇನ್ನೂ ಬಿಗಿಯಾದ ಪಟ್ಟಿಯಲ್ಲಿವೆ. ಅಂಗಡಿಯವರು ರೋಗಿಯ ಹೆಸರು, ಡಾಕ್ಟರ್ ಹೆಸರು ಬರೆದು ಆ ರಿಜಿಸ್ಟರನ್ನು ಮೂರು ವರ್ಷ ಇಡಬೇಕು. ನಿಮ್ಮ ಬಡಾವಣೆಯಲ್ಲಿ ಯಾರಾದರೂ ಬರೆದುಕೊಳ್ಳುವುದನ್ನು ನೋಡಿದ್ದರೆ ಹೇಳಿ.

ನೀವು ಮಾತ್ರ ಡ್ರಾಪ್ಸನ್ನು ಹಟಕ್ಕೆ ಬಿದ್ದು ಒಂದೇ ರಾತ್ರಿಗೆ ನಿಲ್ಲಿಸಬೇಡಿ. ಎರಡೂ ಹೊಳ್ಳೆ ಕಟ್ಟಿ, ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮುಂಚೆ ಹೋಗಿ ನಿಂತಿರುತ್ತೀರಿ. ಬಾಟ್ಲಿ ಹಿಡಿದುಕೊಂಡೇ ಇಎನ್‌ಟಿ ಹತ್ತಿರ ಹೋಗಿ, ಅವರು ಕೇಳುವ ಮೊದಲೇ ಮೇಜಿನ ಮೇಲಿಡಿ. ಬಿಪಿ ಇದ್ದರೆ ನಾಳೆ ಅನ್ನಬೇಡಿ, ಈ ಹನಿ ಅದನ್ನೂ ಏರಿಸಬಹುದು.